ಏಳನೆಯ ಬಾಗಿಲು

ಹನ್ನೊಂದು ವರ್ಷಗಳಿಂದ ನನ್ನ ಉದ್ಯೋಗ ಒಬ್ಬ ಹೆಂಗಸಿನ ಹಿಂದೆ ಹಿಂದೆ ಹೋಗುವುದು. ಹೀಗೆ ಹೇಳಿದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡಿಯಾರು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮದು ಜನರ ಅಭಿಪ್ರಾಯ ಕೇಳುವ ಆಫೀಸು. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಹೊಸ ಸೋಪಿನ ವಾಸನೆ ಹಿಡಿಸಿತೇ, ಆಸ್ಪತ್ರೆಯಲ್ಲಿ ಮರ್ಯಾದೆಯಿಂದ ಮಾತಾಡಿಸಿದರೇ ಎಂದು ಯಾರೋ ಪ್ರಶ್ನೆ ಕೊಡುತ್ತಾರೆ. ನಮ್ಮವರು ಅದನ್ನು ಮನೆಮನೆಗೆ ಹೊತ್ತುಕೊಂಡು ಹೋಗಿ, ಫಾರ್ಮು ತುಂಬಿಸಿ ತರುತ್ತಾರೆ. ಅವರು ನಿಜಕ್ಕೂ ಹೋದರೋ, ಇಲ್ಲ ಮರದ ನೆರಳಲ್ಲಿ ಕೂತು ತಾವೇ ತುಂಬಿದರೋ ಎಂದು ನೋಡಲು ಹತ್ತು ಮನೆಗೆ ಒಂದರಂತೆ ಇನ್ನೊಬ್ಬ ಹೋಗಬೇಕು. ಆ ಇನ್ನೊಬ್ಬ ನಾನು. ಆಫೀಸಿನಲ್ಲಿ ನನಗೆ 'ಬಾಲ' ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮಾತ್ರ 'ಸಾರ್' ಎನ್ನುತ್ತಾರೆ, ಅಷ್ಟರಮಟ್ಟಿಗೆ ಸಮಾಧಾನ.

ನಾನು ಹಿಂಬಾಲಿಸುವ ಹೆಂಗಸಿಗೂ ಒಂದು ಅಡ್ಡಹೆಸರಿದೆ. ಹತ್ತೆಣಿಕೆಯಕ್ಕ. ಐವತ್ತು ದಾಟಿದವರು, ಸಣಕಲು ಮೈ, ದೊಡ್ಡ ಹೆಜ್ಜೆ. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕಪ್ಪು ಕೊಡೆ, ಅದಕ್ಕೆ ಕಂದು ಬಣ್ಣದ ಒಂದು ತೇಪೆ. ಹತ್ತೊಂಬತ್ತು ವರ್ಷಗಳಿಂದ ಈ ಊರಿನ ಬಾಗಿಲು ತಟ್ಟುತ್ತಿದ್ದಾರೆ. ಗಂಡ ಲಾರಿ ಓಡಿಸುತ್ತಿದ್ದವರು, ಬೆನ್ನುಮೂಳೆ ಕೈಕೊಟ್ಟ ಮೇಲೆ ಒಂದು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಮನೆ ನಿಂತಿರುವುದು ಅಕ್ಕನ ಕಾಲಿನ ಮೇಲೆ. ಇಷ್ಟು ಬಿಟ್ಟರೆ ಅವರ ವಿಷಯ ನನಗೆ ಗೊತ್ತಿರಲಿಲ್ಲ. ಕೇಳುವವರಿಗೂ ಪರೀಕ್ಷಿಸುವವರಿಗೂ ಬಳಕೆ ಇರಕೂಡದೆಂಬುದು ಆಫೀಸಿನ ನಿಯಮ. ನಿಯಮವೆಂದರೆ ನನಗೆ ಊಟಕ್ಕಿಂತ ಹೆಚ್ಚು.

ಹತ್ತೆಣಿಕೆ ಎಂಬ ಹೆಸರು ಬಂದದ್ದು ಹೀಗೆ. ಪ್ರಶ್ನೆ ಓದಿದ ಮೇಲೆ ಉತ್ತರ ಬರದಿದ್ದರೆ ಇನ್ನೊಮ್ಮೆ ಓದಬೇಕು, ಆಗಲೂ ಬರದಿದ್ದರೆ 'ಹೇಳಲಾರೆ' ಎಂಬ ಐದನೆಯ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗಬೇಕು ಎನ್ನುತ್ತದೆ ನಮ್ಮ ಕೈಪಿಡಿ. ಉಳಿದವರು ಹಾಗೇ ಮಾಡುತ್ತಾರೆ. ಅವರ ಫಾರ್ಮುಗಳಲ್ಲಿ ಅರ್ಧಕ್ಕರ್ಧ ಜನ ಅಡ್ಡಗೋಡೆಯ ಮೇಲೆ ದೀಪ ಇಟ್ಟವರೇ. ಅಕ್ಕ ಮಾತ್ರ ಪೆನ್ಸಿಲನ್ನು ಕಾಗದದಿಂದ ಎತ್ತಿ, ನೆಲ ನೋಡುತ್ತಾ, ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸುತ್ತಾರೆ. ಏಳೋ ಎಂಟೋ ಆಗುವಷ್ಟರಲ್ಲಿ ಎದುರಿಗಿದ್ದವರು ಬಾಯಿ ಬಿಡುತ್ತಾರೆ. ಆಫೀಸಿನ ಮೆಟ್ಟಿಲ ಮೇಲೆ ಒಮ್ಮೆ ಎದುರಾದಾಗ ಇದೇನು ಉಪಾಯ ಎಂದು ಕೇಳಿದ್ದೆ.

"ಉಪಾಯ ಏನೂ ಇಲ್ಲ ಸಾರ್. ಜನಕ್ಕೆ ಉತ್ತರ ಗೊತ್ತಿರತ್ತೆ. ಯಾರೂ ಕಾಯಲ್ಲ, ಅಷ್ಟೆ."

ಯಾರ ಮನೆಯಲ್ಲಿ, ಯಾರನ್ನು ಕೇಳಬೇಕು ಎಂಬುದಕ್ಕೂ ನಿಯಮವಿದೆ. ಬೀದಿಯ ಮೂಲೆಯಲ್ಲಿ ನಿಂತು, ಗೋಡೆಯನ್ನು ಬಲಗೈ ಕಡೆಗಿಟ್ಟುಕೊಂಡು ಬಾಗಿಲುಗಳನ್ನು ಎಣಿಸಬೇಕು. ಬೇರೆ ಒಲೆ ಇದ್ದರೆ ಬೇರೆ ಬಾಗಿಲು ಎಂದು ಲೆಕ್ಕ. ಪ್ರತಿ ಏಳನೆಯ ಬಾಗಿಲನ್ನು ತಟ್ಟಬೇಕು. ತಟ್ಟಿದ ಮೇಲೆ, ಬಾಗಿಲು ತೆರೆದವರನ್ನು ಕೇಳುವಂತಿಲ್ಲ. ಆ ಮನೆಯಲ್ಲಿ ಮುಂದಿನ ಹುಟ್ಟಿದ ದಿನ ಯಾರದೋ ಅವರನ್ನೇ ಕೇಳಬೇಕು. ಇಲ್ಲದಿದ್ದರೆ ಈ ಊರಿನ ಅಭಿಪ್ರಾಯವೆಲ್ಲ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಾ ಕೂತ ಯಜಮಾನರ ಅಭಿಪ್ರಾಯವಾಗಿಬಿಡುತ್ತದೆ.

ಯಜಮಾನರಿಗೆ ಇದು ಸಹಿಸದು. "ಅವಳಿಗೇನ್ರೀ ಗೊತ್ತು, ನನ್ನ ಕೇಳಿ" ಎನ್ನುತ್ತಾರೆ. ಅಕ್ಕ ನಗುನಗುತ್ತಲೇ "ನಿಮ್ಮ ಹುಟ್ಟಿದ ದಿನ ಹೋದ ತಿಂಗಳೇ ಆಗೋಯ್ತಲ್ಲ ಅಣ್ಣ, ಇನ್ನು ಬರೋ ವರ್ಷ" ಎಂದು, ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯನ್ನು ಕರೆಸುತ್ತಾರೆ. ಆಕೆ ಒದ್ದೆ ಕೈ ಒರೆಸಿಕೊಂಡು ಬಂದು ಗಂಡನ ಮುಖ ನೋಡುತ್ತಾಳೆ. ಅಕ್ಕ ನೆಲ ನೋಡುತ್ತಾ ಎಣಿಸುತ್ತಾರೆ. ಆಮೇಲೆ ಶುರುವಾದ ಮಾತು ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಅಂಥ ಮನೆಗೆ ಮಾರನೆಯ ವಾರ ನಾನು ಹೋದರೆ ಗಂಡ ನನ್ನನ್ನು ಬದಿಗೆ ಕರೆದು, "ಅವಳು ಅವತ್ತು ಹಾಗಂದಿದ್ದು ನಿಜಾನಾ ಸಾರ್?" ಎಂದು ಕೇಳುತ್ತಾನೆ. ಹೇಳುವಂತಿಲ್ಲ, ಅದೂ ನಿಯಮ.

ನಾನು ಒಳ್ಳೆಯ ಮನುಷ್ಯನೇನಲ್ಲ. ಹನ್ನೊಂದು ವರ್ಷ ಒಬ್ಬರ ತಪ್ಪು ಹುಡುಕಿ ಒಂದೂ ಸಿಗದಿದ್ದರೆ ಮನುಷ್ಯನಿಗೆ ಏನಾಗುತ್ತದೋ ನನಗೂ ಅದೇ ಆಗಿತ್ತು. ಬೇರೆಯವರ ಹಿಂದೆ ಹೋದರೆ ವರ್ಷಕ್ಕೆ ಇಬ್ಬರಾದರೂ ಸಿಕ್ಕಿಬೀಳುತ್ತಾರೆ. ಒಬ್ಬಾತ ಬೀಗ ಹಾಕಿದ ಮನೆಯ 'ಗೃಹಿಣಿ'ಯಿಂದ ಮೂವತ್ತು ಉತ್ತರ ಬರೆಸಿಕೊಂಡು ಬಂದಿದ್ದ. ಅಕ್ಕನ ಫಾರ್ಮು ಹಿಡಿದು ಹೋದರೆ ಮಾತ್ರ ಎಲ್ಲೆಲ್ಲೂ ಒಂದೇ ಉತ್ತರ: "ಹೌದು, ಬಂದಿದ್ರು. ಕೊಡೆ ಇತ್ತು. ಪಾಪ, ತುಂಬಾ ಹೊತ್ತು ನಿಂತಿದ್ರು." ಒಮ್ಮೆಯಾದರೂ ಈಕೆಯನ್ನು ಹಿಡಿಯಬೇಕೆಂಬ ಆಸೆ ನನ್ನೊಳಗೆ ಬೇರು ಬಿಟ್ಟಿತ್ತು.

ಕಳೆದ ವರ್ಷ ಬಂದ ಪ್ರಶ್ನೆ ಊರಿನದೇ. ಹತ್ತು ವರ್ಷದಲ್ಲಿ ಈ ಊರು ಮೂರು ಪಟ್ಟಾಗಿದೆ. ನಾನು ಚಿಕ್ಕವನಿದ್ದಾಗ ಊರಾಚೆ ಎನ್ನುತ್ತಿದ್ದ ಜಾಗ ಈಗ 'ಸೆಂಟರ್'. ಊರಾಚೆ ಎಲ್ಲಿ ಎಂದು ಕೇಳಿದರೆ ಆಟೋದವನೂ ತಲೆ ಕೆರೆದುಕೊಳ್ಳುತ್ತಾನೆ. ಜನ ಇದರ ಬಗ್ಗೆ ಏನೆನ್ನುತ್ತಾರೆ ಎಂದು ದೊಡ್ಡವರಿಗೆ ತಿಳಿಯಬೇಕಾಗಿತ್ತು. ಸಾವಿರದ ಆರುನೂರು ಮನೆ, ಹದಿನಾಲ್ಕು ಪ್ರಶ್ನೆ. ಒಂಬತ್ತನೆಯದು ಮುಖ್ಯವಾದದ್ದು: 'ಈ ಊರು ಈಗಿನ ವೇಗದಲ್ಲೇ ಇನ್ನೂ ಬೆಳೆಯಬೇಕು. ಒಪ್ಪುತ್ತೀರಾ?' ಹತ್ತನೆಯದು: 'ಕಾರಣವೇನು? ಹೇಳಿದವರ ಮಾತಿನಲ್ಲೇ ಬರೆಯಿರಿ.'

ಆ ಎರಡು ತಿಂಗಳಲ್ಲಿ ನಾನು ಕೇಳಿದ್ದನ್ನು ಕೇಳಿ ನನಗೆ ಜನರ ಮೇಲಿದ್ದ ಅಲ್ಪಸ್ವಲ್ಪ ಭಕ್ತಿಯೂ ಹೋಯಿತು. ಮನೆಯ ಮೇಲೆ ಮೂರನೆಯ ಮಹಡಿ ಕಟ್ಟಿಸುತ್ತಿದ್ದ ಒಬ್ಬ, ಸಿಮೆಂಟಿನ ಧೂಳಿನಲ್ಲೇ ನಿಂತು, "ಜನ ಜಾಸ್ತಿಯಾದ್ರು ಸಾರ್, ಎಲ್ಲಿಂದ ಬರ್ತಾರೋ" ಎಂದ. ಮಹಡಿ ಯಾರಿಗೆ ಎಂದು ಕೇಳಿದೆ. ಬಾಡಿಗೆಗಂತೆ. ಬಂದು ನಾಲ್ಕು ವರ್ಷವಾದ ಒಂದು ಸಂಸಾರ ಇನ್ನು ಯಾರೂ ಬರಬಾರದು ಎಂದಿತು. ಬಸ್ಸು ಹತ್ತಿದವನಿಗೆ ಆ ಕ್ಷಣದಿಂದಲೇ ಬಸ್ಸು ತುಂಬಿದಂತೆ ಕಾಣುತ್ತದೆ, ಹಾಗೆ. ಬಸ್ ಡ್ರೈವರೊಬ್ಬ ಊರು ಬೆಳೆಯಲಿ, ಆದರೆ ನನ್ನ ರೂಟಿನಲ್ಲಿ ಬೇಡ ಎಂದ. ನೇರವಾಗಿ ಮಾತಾಡಿದವನು ಕ್ಷೌರಿಕನೊಬ್ಬನೇ: "ತಲೆ ಜಾಸ್ತಿ ಆದ್ರೆ ನಂಗೇನ್ ಸಾರ್ ನಷ್ಟ?" ವಯಸ್ಸಾದವರು ಮಾತ್ರ ಒಂದೇ ದನಿಯಲ್ಲಿ ಬೇಡವೆಂದರು. ಮೊದಲೆಲ್ಲ ಬೀದಿಯಲ್ಲಿ ಎಲ್ಲರಿಗೂ ಎಲ್ಲರ ಗುರುತಿತ್ತು, ಈಗ ಪಕ್ಕದ ಮನೆಯಲ್ಲಿ ಯಾರು ಸತ್ತರೂ ಗೊತ್ತಾಗುವುದಿಲ್ಲ ಎಂದರು. ಎಪ್ಪತ್ತು ದಾಟಿದವರ ಫಾರ್ಮುಗಳನ್ನು ನಾನು ಕೇಳದೆಯೇ ತುಂಬಬಹುದಾಗಿತ್ತು.

ಹೀಗಿರುವಾಗ ಚೀಟಿ ಎತ್ತಿದಾಗ ಬಂದದ್ದು ಇನ್ನೂರ ಹನ್ನೆರಡನೆಯ ನಂಬರು, ಅಕ್ಕನ ಕಂತೆಯದು. ಪರೀಕ್ಷೆಗೆ ಹೋಗುವವನಿಗೆ ಇಡೀ ಫಾರ್ಮು ಕೊಡುವುದಿಲ್ಲ. ಮನೆಯ ನಂಬರು, ಉತ್ತರ ಕೊಟ್ಟವರು ಗಂಡೋ ಹೆಣ್ಣೋ, ವಯಸ್ಸು, ಒಂಬತ್ತು ಮತ್ತು ಹತ್ತನೆಯ ಉತ್ತರದ ನಕಲು, ಇಷ್ಟಿರುವ ಒಂದು ಚೀಟಿ ಕೊಡುತ್ತಾರೆ. ಮನೆ ಹದಿನೇಳು ಬಾರ್ ಎರಡು. ಹೆಣ್ಣು, ಎಂಬತ್ತೊಂದು. ಒಂಬತ್ತಕ್ಕೆ 'ಪೂರ್ತಿ ಒಪ್ಪುತ್ತೇನೆ'. ನಾನು ಬಸ್ಸಿನಲ್ಲಿ ನೆಟ್ಟಗೆ ಕೂತೆ. ಎಂಬತ್ತೊಂದರ ಮುದುಕಿ ಪೂರ್ತಿ ಒಪ್ಪುವುದೇ! ಹತ್ತನೆಯದರ ಕೆಳಗೆ ಅಕ್ಕನ ದುಂಡಗಿನ ಅಕ್ಷರ:

'ನಾನು ಕಳ್ಳನ ಹೆಂಡತಿ. ಹಳೇ ಬೀದೀಲಿ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಊರು ಬೆಳೀಲಿ, ಇನ್ನೂ ಬೆಳೀಲಿ.'

ಬೀದಿ ಸಿಕ್ಕಿತು. ಅಗಲ ಕಡಿಮೆ, ಉದ್ದ ಹೆಚ್ಚು. ಕೊನೆಯಲ್ಲೆಲ್ಲೋ ಕಾಂಕ್ರೀಟು ಕಲಸುವ ಯಂತ್ರ ಗರಗರ ಎನ್ನುತ್ತಿತ್ತು. ಮೂಲೆಯಿಂದ ನಾನೂ ಎಣಿಸಿದೆ. ಮೂಲೆಯ ಮನೆಯವರು ಹಜಾರದ ನಡುವೆ ಗೋಡೆ ಎಬ್ಬಿಸಿ ಎರಡು ಬಾಗಿಲು ಮಾಡಿದ್ದರು. ಮೂರನೆಯ ಮನೆಗೆ ಹೊರಗಿನಿಂದ ಹೊಸ ಮೆಟ್ಟಿಲು, ಅದರ ಬುಡದಲ್ಲಿ ಮಹಡಿಯವರ ಬಾಗಿಲು. ಮೊದಲು ಐದನೆಯದಾಗಿದ್ದ ಮನೆ ಹೀಗೆ ಏಳನೆಯದಾಗಿತ್ತು. ಅದರ ಪಕ್ಕದಲ್ಲೂ ಸಾಮಾನಿನ ಕೋಣೆಗೆ ಹೊಸ ಬಾಗಿಲಿಟ್ಟು ಬಾಡಿಗೆಗೆ ಕೊಟ್ಟಿದ್ದರು, ಬಣ್ಣ ಇನ್ನೂ ಆರಿರಲಿಲ್ಲ. ಎಣಿಕೆ ಸರಿಯಾಗಿತ್ತು. ಏಳನೆಯ ಬಾಗಿಲಲ್ಲಿ ಒಬ್ಬ ಅಜ್ಜಿ ಮೋಟು ಸ್ಟೂಲಿನ ಮೇಲೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಅವರ ಹಿಂದೆ ಗೋಡೆಯ ಮೊಳೆಯಲ್ಲಿ ಒಂದು ಕಪ್ಪು ಕೊಡೆ ತೂಗುತ್ತಿತ್ತು. ಅದಕ್ಕೆ ಕಂದು ಬಣ್ಣದ ತೇಪೆ.

ಮೂರು ದಿನದಿಂದ ಅಕ್ಕ ಕೊಡೆಯಿಲ್ಲದೆ ಆಫೀಸಿಗೆ ಬರುತ್ತಿದ್ದದ್ದು ಆಗ ನೆನಪಾಯಿತು. ಅದರ ಒಂದು ಕಡ್ಡಿ ಮುರಿದಿತ್ತು. ಇದು ಅಕ್ಕನದೇ ಮನೆ, ಈ ಅಜ್ಜಿ ಅವರ ಅತ್ತೆಯೇ ಇರಬೇಕು.

ಕೈಪಿಡಿಯ ನಾಲ್ಕನೆಯ ಪುಟದಲ್ಲೇ ಇದೆ: ಎಣಿಕೆ ಕೇಳುವವರ ಸ್ವಂತ ಮನೆಗೋ ನೆಂಟರ ಮನೆಗೋ ಬಂದರೆ ಬಿಟ್ಟು ಮುಂದಿನ ಬಾಗಿಲಿಗೆ ಹೋಗತಕ್ಕದ್ದು. ನನಗೆ ಒಳಗೊಳಗೇ ಖುಷಿಯಾಯಿತು, ಮುಚ್ಚಿಡುವುದೇಕೆ. ಹನ್ನೊಂದು ವರ್ಷಕ್ಕೆ ಸಿಕ್ಕಿದರು ಎನಿಸಿತು. ಕಾರ್ಡು ತೋರಿಸಿ, ನಾನು ಇಂಥ ಆಫೀಸಿನವನು ಎಂದೆ. ಅಜ್ಜಿಯ ಸೂಜಿ ನಿಂತಿತು.

"ಹದಿನೈದು ದಿನದ ಹಿಂದೆ ಯಾರಾದ್ರೂ ಬಂದು ನಿಮ್ಮನ್ನ ಪ್ರಶ್ನೆ ಕೇಳಿದ್ರಾ ಅಜ್ಜಿ?"

"ಆಂ?"

ಕಿವಿ ಮಂದ. ಗಟ್ಟಿಯಾಗಿ ಇನ್ನೊಮ್ಮೆ ಕೇಳಿದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಲ್ಲ. ಯಾರೂ ಬಂದಿಲ್ಲ. ನನ್ನ ಯಾರು ಕೇಳ್ತಾರೆ? ಯಾರೂ ಏನೂ ಕೇಳಿಲ್ಲ."

ಪಾಪ, ಸೊಸೆಯನ್ನು ಉಳಿಸಲು ಆಡಿದ ಮಾತು ಅದು. ಸ್ವಂತ ಮನೆಯಲ್ಲಿ ಕೇಳಿದ್ದು ತಪ್ಪು ಎಂದು ಸೊಸೆ ಹೇಳಿರಬೇಕು. ಕೇಳಿಯೇ ಇಲ್ಲ ಎಂದರೆ ತಪ್ಪೂ ಇಲ್ಲ ಎಂದು ಅಜ್ಜಿಯ ಲೆಕ್ಕ. ಆದರೆ ನಮ್ಮ ಆಫೀಸಿನ ಲೆಕ್ಕ ಬೇರೆ. ಸ್ವಂತ ಮನೆಯಲ್ಲಿ ಕೇಳಿದ್ದು ನಿಯಮ ಮುರಿದದ್ದಷ್ಟೇ. ಯಾರೂ ಕೇಳಲೇ ಇಲ್ಲ ಎಂದು ನಾನು ಬರೆದರೆ, ಫಾರ್ಮನ್ನು ಅಕ್ಕನೇ ಕಟ್ಟಿ ಬರೆದರು ಎಂದಾಗುತ್ತದೆ. ಒಂದು ಸುಳ್ಳು ಫಾರ್ಮು ಸಿಕ್ಕರೆ ಇಡೀ ಕಂತೆ ಕಸದ ಬುಟ್ಟಿಗೆ. ಹೆಸರು ಊರಿನ ಎಲ್ಲ ಆಫೀಸುಗಳಿಗೂ ಹೋಗುತ್ತದೆ, ಯಾರೂ ಮತ್ತೆ ಬಾಗಿಲು ತಟ್ಟುವ ಕೆಲಸ ಕೊಡುವುದಿಲ್ಲ. ಐವತ್ತು ದಾಟಿದ ಮೇಲೆ ಬೇರೆ ಕೆಲಸ ಎಲ್ಲಿ? ಹತ್ತೊಂಬತ್ತು ವರ್ಷದ ಹೆಸರು ಮುದುಕಿಯ ಒಂದು 'ಇಲ್ಲ'ದಲ್ಲಿ ಹೋಗುವುದರಲ್ಲಿತ್ತು.

ನನ್ನ ಪೆನ್ಸಿಲು 'ಇಲ್ಲ' ಎಂಬ ಚೌಕದ ಮೇಲಿತ್ತು. ಉತ್ತರ ಕೊಟ್ಟವರು ಹೇಳಿದ್ದನ್ನು ಹಾಗೇ ಬರೆಯಬೇಕು. ಅವರಿಗೆ ಸುಳಿವು ಕೊಡಬಾರದು, ತಿದ್ದಬಾರದು, ಪರಿಣಾಮ ಹೇಳಬಾರದು. ಹನ್ನೊಂದು ವರ್ಷ ಈ ನಿಯಮದ ಕೂದಲೂ ನಾನು ಕೊಂಕಿಸಿಲ್ಲ. ಆದರೆ ಚೀಟಿಯಲ್ಲಿ ಬರೆದಿದ್ದ ಮಾತು ಯಾವ ಸೊಸೆಯೂ ಮರದ ನೆರಳಲ್ಲಿ ಕೂತು ಕಟ್ಟುವ ಮಾತಲ್ಲ. ಅಷ್ಟು ನನ್ನಂಥ ಮೊದ್ದನಿಗೂ ಗೊತ್ತಾಗುತ್ತಿತ್ತು. ಬೇಕಾಗಿದ್ದದ್ದು ಬಾಗಿಲಲ್ಲೇ ಸಿಕ್ಕಿತ್ತು, ನುಂಗಲು ಮಾತ್ರ ಆಗಲಿಲ್ಲ.

ಒಂದೇ ದಾರಿ ಇತ್ತು. ಕಾಯಬಾರದು ಎಂದು ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ. ಪೆನ್ಸಿಲು ಎತ್ತಿದೆ. ನೆಲ ನೋಡುತ್ತಾ ಎಣಿಸತೊಡಗಿದೆ. ಒಂದು. ಎರಡು. ಮೂರು. ನಾಲ್ಕು. ಬೀದಿಯಲ್ಲಿ ಹೆಲ್ಮೆಟ್ ಹಾಕಿಕೊಂಡ ಒಬ್ಬ ಒಂದು ಡಬ್ಬ ಹಿಡಿದು, ಫೋನು ನೋಡುತ್ತಾ, ಬಾಗಿಲಿಂದ ಬಾಗಿಲಿಗೆ ವಿಳಾಸ ಹುಡುಕುತ್ತಿದ್ದ. ಆರು. ಏಳು.

"ಹತ್ತು ಎಣಿಸ್ತಿದೀಯಾ?" ಎಂದರು ಅಜ್ಜಿ.

ನಾನು ಬೆಚ್ಚಿಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು.

"ಅವಳೂ ಹೀಗೇ. ಹೊಸ ಪ್ರಶ್ನೆ ಬಂದಾಗೆಲ್ಲ ಅಡಿಗೆಮನೇಲಿ ನನ್ನೆದುರಿಗೇ ಓದಿ ಅಭ್ಯಾಸ ಮಾಡ್ತಾಳೆ. ಓದಿ, ನೆಲ ನೋಡ್ತಾಳೆ. ನಾನು ಉತ್ತರ ಹೇಳೋ ಹಾಗಿಲ್ಲ. ಹತ್ತೊಂಬತ್ತು ವರ್ಷ ಹೇಳಿಲ್ಲ." ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟರು. "ನಾನು ಇಲ್ಲ ಅಂದ್ರೆ ಅವಳು ಪಾರಾಗ್ತಾಳೆ ತಾನೇ?"

"ನಾನು ಏನೂ ಹೇಳೋ ಹಾಗಿಲ್ಲ ಅಜ್ಜಿ."

"ಅಂದ್ರೆ, ಆಗಲ್ಲ."

ನಾನು ಮತ್ತೆ ನೆಲ ನೋಡಿದೆ. ಈ ಸಲ ಎಣಿಸಲಿಲ್ಲ.

"ನಾನು ಇಲ್ಲ ಅಂದ್ರೆ ಆ ಕಾಗದದಲ್ಲಿರೋದನ್ನ ಯಾರು ಹೇಳಿದ್ದು ಅಂತ ಕೇಳ್ತೀರ. ಅವಳೇ ಕಟ್ಟಿ ಬರೆದಿದ್ದು ಅಂತೀರ. ಹೌದಾ?" ಎಂಬತ್ತೊಂದು ವರ್ಷವಾದರೂ ಬುದ್ಧಿ ಚುರುಕಾಗಿತ್ತು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತರು.

"ಒಳಗೆ ಕೂತು ಹೇಳಿ ಅಜ್ಜಿ. ಬೀದಿ ಇದು" ಎಂದೆ. ಇದು ಸುಳಿವು ಕೊಟ್ಟ ಹಾಗಾಯಿತೋ ಏನೋ. ಆಗಲಿ.

"ಒಳಗೆ ಯಾಕೆ? ಅವಳಿಗೆ ಕಿವೀಲಿ ಹೇಳಿದ್ದೆ. ಅದಕ್ಕೇ ಈಗ ಹೀಗಾಗಿರೋದು." ಆಮೇಲೆ ಅಜ್ಜಿ ಹೇಳಿದರು. ಮಂದ ಕಿವಿಯವರ ದನಿ, ಬೀದಿಯ ಆಚೆ ತುದಿಗೂ ಕೇಳುವಂಥದು.

"ಬರ್ಕೋ. ನನ್ನ ಸೊಸೆ ಬಂದು ಕೇಳಿದ್ಲು. ಈ ಬಾಗಿಲಲ್ಲೇ ನಿಂತು, ಯಾರೋ ಹೊರಗಿನವಳ ಹಾಗೆ ಕೇಳಿದ್ಲು. ನಾನೇ ಕೇಳು ಅಂದಿದ್ದು. ನಾನು ಹೇಳಿದ್ದು ಇಷ್ಟು: ನಾನು ಕಳ್ಳನ ಹೆಂಡತಿ. ನನ್ನ ಗಂಡ ಗಿರಣಿಯಿಂದ ಎರಡು ಥಾನು ಬಟ್ಟೆ ಕದ್ದು ಜೈಲಿಗೆ ಹೋದ. ಬಿಡುಗಡೆ ಆದ ಮೇಲೆ ಮನೇಗೇ ಬರ್ಲಿಲ್ಲ. ಮಗಂಗೆ ಅಪ್ಪ ಸತ್ತ ಅಂದಿದೀನಿ. ಹಳೇ ಬೀದೀಲಿ ಮೂವತ್ತು ವರ್ಷ ಇದ್ದೆ. ಯಾರ ಮನೇಲಿ ಒಂದು ಚೊಂಬು ಕಳೆದ್ರೂ ಮೊದಲು ನನ್ನ ಮಂಚದ ಕೆಳಗೆ ಬಗ್ಗಿ ನೋಡೋರು. ಹೊಲಿಯೋಕೆ ಬಟ್ಟೆ ಕೊಡ್ತಿರ್ಲಿಲ್ಲ, ಎಲ್ಲಿ ಇಟ್ಕೊಂಡ್ಬಿಡ್ತಾಳೋ ಅಂತ. ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು. ಸೊಸೆ ಬರೋ ಮುಂಚೆ ಆ ಬೀದಿ ಒಡೆದು ದೊಡ್ಡ ರಸ್ತೆ ಮಾಡಿದ್ರಲ್ಲ, ಅವತ್ತು ಎಲ್ಲರೂ ಗೋಳೋ ಅಂತ ಅತ್ರು. ನಾನೂ ಸೆರಗಲ್ಲಿ ಮುಖ ಮುಚ್ಕೊಂಡಿದ್ದೆ. ಒಳಗೆ ನಗ್ತಾ ಇದ್ದೆ ಕಣಪ್ಪ."

ಉಸಿರು ತೆಗೆದುಕೊಂಡರು.

"ಇಷ್ಟೂ ಹೇಳಿದ್ದೆ. ಅವಳು ಚಿಕ್ಕದಾಗಿ ಬರ್ಕೊಂಡಿರಬೇಕು, ಕಾಗದದಲ್ಲಿ ಜಾಗ ಸಾಲಲ್ಲ ಅಂದ್ಲು."

ನಾನು 'ಹೌದು' ಎಂಬ ಚೌಕಕ್ಕೆ ಗುರುತು ಹಾಕಿದೆ. ಕೆಳಗೆ 'ಉತ್ತರ ಹೊಂದುತ್ತದೆ' ಎಂದು ಬರೆದೆ.

ಆಮೇಲೆ ಆದದ್ದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಆಫೀಸಿಗೆ ಹೋಗಿ ಇನ್ನೂರ ಹನ್ನೆರಡರ ಪೂರ್ತಿ ಫಾರ್ಮು ತೆಗೆಸಿದೆ. ಕೊನೆಯ ಪುಟದ ಹಿಂಬದಿಯಲ್ಲಿ, ಯಾರೂ ತಿರುಗಿಸಿ ನೋಡದ ಜಾಗದಲ್ಲಿ, ಅದೇ ದುಂಡಗಿನ ಅಕ್ಷರ: 'ಇದು ನನ್ನ ಸ್ವಂತ ಮನೆ. ನಿಯಮ ಗೊತ್ತಿದ್ದೂ ಕೇಳಿದ್ದೇನೆ. ರದ್ದು ಮಾಡುವುದಾದರೆ ಮಾಡಿ.' ಹಿಡಿಯಬೇಕೆಂದು ನಾನು ಹನ್ನೊಂದು ವರ್ಷ ಹಿಂದೆ ಬಿದ್ದಿದ್ದ ಹೆಂಗಸು ತನ್ನನ್ನು ತಾನೇ ಹಿಡಿದುಕೊಟ್ಟಿದ್ದರು. ನನಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಬಳಕೆ ಇರಕೂಡದೆಂಬ ನಿಯಮವನ್ನು ಅವತ್ತು ಮೊದಲ ಸಲ ಮುರಿದು, ಮೆಟ್ಟಿಲ ಮೇಲೆ ಅಕ್ಕನ ಪಕ್ಕದಲ್ಲಿ ಕೂತು ಕೇಳಿದೆ, ಹಾಗೇಕೆ ಮಾಡಿದಿರಿ ಎಂದು.

"ಎಂಟನೇ ಬಾಗಿಲಿಗೆ ಹೋಗ್ತಾ ಇದ್ದೆ ಸಾರ್. ಅತ್ತೆ ಬಾಗಿಲಲ್ಲಿ ಕೂತು ನನ್ನ ಜೊತೆಗೇ ಎಣಿಸಿದಾರೆ. ಏಳನೇದು ನಮ್ದೇ ಅಲ್ವಾ, ನಿಲ್ಲು ಅಂದ್ರು. ನಿನ್ನ ಗಂಡನ ಹುಟ್ಟಿದ ದಿನ ಹೋಯ್ತು, ನಿಂದು ಇನ್ನೂ ದೂರ, ನಂದು ಬರೋ ತಿಂಗಳು. ಊರಲ್ಲಿರೋ ಮುದುಕೀರನ್ನೆಲ್ಲ ಕೇಳ್ತೀಯ, ನನ್ನ ಸರದಿ ಬಂದಾಗ ದಾಟ್ಕೊಂಡು ಹೋಗ್ತೀಯಾ ಅಂದ್ರು." ಅಕ್ಕ ಚಪ್ಪಲಿಯ ತುದಿ ನೋಡುತ್ತಾ ಹೇಳಿದರು. "ಸುಮ್ನೆ ಅವರ ಸಮಾಧಾನಕ್ಕೆ ಕೇಳಿ, ಆಮೇಲೆ ಹರಿದು ಹಾಕೋಣ ಅಂತಿದ್ದೆ. ಅತ್ತೆ ಇಂಥದ್ದು ಹೇಳ್ತಾರೆ ಅಂತ ನಂಗೇನು ಗೊತ್ತು? ಇಪ್ಪತ್ತಾರು ವರ್ಷ ಒಂದೇ ಒಲೇಲಿ ಬೇಯಿಸ್ಕೊಂಡು ತಿಂದಿದೀವಿ. ಅಡಿಗೆಮನೇಲಿ ಒಂದು ದಿನಾನೂ ಹೇಳಿರ್ಲಿಲ್ಲ, ಫಾರ್ಮು ಹಿಡ್ಕೊಂಡು ಕೇಳಿದ್ರೆ ಹೇಳಿದ್ರು. ಬರ್ಕೊಂಡ ಮೇಲೆ ಹರಿಯೋಕೆ ಕೈ ಬರ್ಲಿಲ್ಲ."

"ನಿಮ್ಮ ಯಜಮಾನರಿಗೆ ಅವರಪ್ಪನ ವಿಷಯ ಹೇಳಿದ್ರಾ?"

"ನಾನು ಯಾಕೆ ಹೇಳ್ಲಿ? ಅವರ ಹುಟ್ಟಿದ ದಿನ ಬಂದಾಗ ಅವರೇ ಕೇಳ್ಕೊಳ್ಲಿ" ಎಂದು ನಕ್ಕರು. ನಗು ಅಷ್ಟೇನೂ ಗಟ್ಟಿಯಿರಲಿಲ್ಲ.

ನಾನು ಆ ಪುಟ ತೋರಿಸಿದ ಮೇಲೆ ಆಫೀಸಿನವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ತೀರ್ಪು ಕೊಟ್ಟರು. ಫಾರ್ಮು ರದ್ದು. ಅಕ್ಕನಿಗೆ ಒಂದು ಸುತ್ತು ಕೆಲಸವಿಲ್ಲ, ಆಮೇಲೆ ಮಾಮೂಲು. ನಾಲ್ಕು ತಿಂಗಳ ಮೇಲೆ ವರದಿ ಅಚ್ಚಾಯಿತು, ನುಣುಪು ಕಾಗದ, ಬಣ್ಣಬಣ್ಣದ ಚಿತ್ರ. ಕೇಳಿದ ಮನೆಗಳು ಸಾವಿರದ ಐನೂರ ತೊಂಬತ್ತೊಂಬತ್ತು ಎಂದು ಅದರಲ್ಲಿದೆ. ಎಪ್ಪತ್ತು ದಾಟಿದ ಹೆಂಗಸರಲ್ಲಿ ಊರು ಇನ್ನೂ ಬೆಳೆಯಲೆಂದು ಪೂರ್ತಿ ಒಪ್ಪಿದವರು ಒಬ್ಬರೂ ಇಲ್ಲ ಎಂದೂ ಇದೆ. ಅಕ್ಕ ಈಗ ಮತ್ತೆ ಬಾಗಿಲು ತಟ್ಟುತ್ತಿದ್ದಾರೆ. ಕೊಡೆಗೆ ಹೊಸ ಕಡ್ಡಿ ಹಾಕಿಸಿದ್ದಾರೆ, ತೇಪೆ ಅದೇ.

ಅಜ್ಜಿ ಅಷ್ಟು ಗಟ್ಟಿಯಾಗಿ ಹೇಳಿದಾಗ ಬೀದಿಯಲ್ಲಿ ಏನಾಯಿತು ಎಂಬುದೊಂದು ಹೇಳುವುದು ಉಳಿದಿದೆ. ನಾನು ಚೀಟಿ ಮಡಚಿ ಜೇಬಿಗಿಟ್ಟು ತಲೆ ಎತ್ತಲು ಹೆದರಿದೆ. ಮೂವತ್ತು ವರ್ಷ ಅನುಭವಿಸಿದ್ದನ್ನು ಈ ಮುದುಕಿ ತಾನೇ ಕರೆದು ಬಾಗಿಲಲ್ಲಿ ಕೂರಿಸಿಕೊಂಡರಲ್ಲ, ಇನ್ನು ಈ ಬೀದಿಯಲ್ಲೂ ಮಂಚದ ಕೆಳಗೆ ಬಗ್ಗಿ ನೋಡುತ್ತಾರಲ್ಲ ಎಂದುಕೊಂಡೆ. ಕೊನೆಗೆ ನೋಡಿದೆ. ಎದುರು ಮಹಡಿಯಲ್ಲಿ ಒಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ಬಟ್ಟೆ ಒಣ ಹಾಕುತ್ತಿದ್ದಳು. ಕೆಳಗೆ ಒಬ್ಬ ಸ್ಕೂಟರಿನ ಚಕ್ರಕ್ಕೆ ನೀರೆರೆಯುತ್ತಿದ್ದ. ಮೂಲೆಮನೆಯ ಎರಡು ಬಾಗಿಲಲ್ಲಿ ಒಂದು ತೆರೆದು, ಒಬ್ಬ ಹೊರಗೆ ಬಂದು, ಬೀಗ ಹಾಕಿ, ಗಡಿಯಾರ ನೋಡಿಕೊಂಡು ಹೋದ. ಒಬ್ಬರೂ ಈ ಕಡೆ ತಿರುಗಲಿಲ್ಲ. ಹೆಲ್ಮೆಟ್ಟಿನವನು ಡಬ್ಬ ಹಿಡಿದುಕೊಂಡು ನೇರ ನಮ್ಮ ಹತ್ತಿರ ಬಂದ.

"ಅಜ್ಜಿ, ಹದಿನೇಳು ಬಾರ್ ಮೂರು ಯಾವ್ದು?"

"ಪಕ್ಕದ್ದು ಕಣಪ್ಪ. ಹೊಸ ಬಾಗಿಲು. ಬಣ್ಣ ಹಸಿ ಇದೆ, ಮುಟ್ಟಬೇಡ."

ಅವನು ಹೋದ. ಅಜ್ಜಿ ಸ್ಟೂಲಿನ ಮೇಲೆ ಕೂತು, ಕಾಲರಿನಿಂದ ಸೂಜಿ ಕಿತ್ತು, ದಾರ ಸರಿಮಾಡಿಕೊಂಡರು. ಆಮೇಲೆ ನನ್ನ ಮುಖ ನೋಡಿ ಹೇಳಿದರು:

"ನೋಡಿದ್ಯಾ? ಅದಕ್ಕೇ ಬೆಳೀಲಿ ಅಂದಿದ್ದು."